ವಿದೇಶದಲ್ಲಿ ಸಹವೈದ್ಯಕೀಯ ವ್ಯಾಸಂಗ: ಒಂದು ವಿಚಾರ

ಬೆಂಗಳೂರಿನ ದಂಡು ಪ್ರದೇಶಕ್ಕೂ ಸಮುದ್ರದಾಚೆಯ ನಾಡುಗಳಿಗೂ ಇರುವ ನಂಟು ಹಳೆಯದು. ಕಮಿಷನರ್ ಬೌರಿಂಗ್ ಅವರ ಹೆಸರನ್ನು ಹೊತ್ತ ಆಸ್ಪತ್ರೆಯು 1868ರಲ್ಲಿ ಇಂದಿನ ಶಿವಾಜಿನಗರದ ಮಗ್ಗುಲಲ್ಲಿ ತಲೆಯೆತ್ತಿತು. ಅದಾದ ಹದಿನೆಂಟು ವರ್ಷಗಳಿಗೆ, 1886ರಲ್ಲಿ, ಗುಡ್ ಶೆಪರ್ಡ್ ಪಂಥದ ಸಂನ್ಯಾಸಿನಿಯರು ದಂಡಿಗೂ ಪೇಟೆಗೂ ನಡುವೆ ಸಂತ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ರೋಗಿಯ ಹಾಸಿಗೆಯ ಬಳಿ ನಿಂತು ಮಾಡುವ ಪಾಶ್ಚಾತ್ಯ ಶುಶ್ರೂಷೆಯ ವಿದ್ಯೆಯು ಆಗ ಹಡಗನ್ನೇರಿ ಇತ್ತ ಬಂದಿತು. ಇಂದು ಅದೇ ವಿದ್ಯೆಯನ್ನೂ ಅದರ ಬಂಧುವಿದ್ಯೆಗಳನ್ನೂ ಅರಸಿ ಇಲ್ಲಿನ ಮಕ್ಕಳು ವಿಮಾನವನ್ನೇರಿ ಅತ್ತ ಹೋಗುತ್ತಿದ್ದಾರೆ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ವಿಭಕ್ತಿಗಳನ್ನು ಅಭ್ಯಾಸ ಮಾಡುವವರಲ್ಲಿ ಇಂದು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಷ್ಟೇ ಇಲ್ಲ. ಜರ್ಮನಿಯ ಆಸ್ಪತ್ರೆಗಳಲ್ಲಿ ಕೆಲಸವನ್ನು ಬಯಸುವವರೂ ಇದ್ದಾರೆ. ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಆ ಪಂಡಿತನು ಜೀವಮಾನದಲ್ಲಿ ಒಮ್ಮೆಯೂ ಭಾರತವನ್ನು ನೋಡಲಿಲ್ಲ. ಕಾಣದ ನಾಡಿನ ಭಾಷೆಯನ್ನು ಕುಳಿತಲ್ಲಿಯೇ ಕಲಿತನು. ಅವನ ಹೆಸರಿನ ಭವನದಲ್ಲಿ ಕಾಣದ ನಾಡಿಗಾಗಿ ಭಾಷೆಯನ್ನು ಕಲಿಯುವುದು ಯೋಗ್ಯವಾಗಿಯೇ ಇದೆ.

ಹೀಗೆ ಹೊರಡುವವರು ಯಾರು? ಹಿಂದೆ ವಿದೇಶ ವ್ಯಾಸಂಗವೆಂದರೆ ಜಮೀನುದಾರರ, ನ್ಯಾಯವಾದಿಗಳ, ಉನ್ನತಾಧಿಕಾರಿಗಳ ಮನೆಯ ಮಾತಾಗಿತ್ತು. ಇಂದು ಹಾಗಿಲ್ಲ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯಿಂದ ನಿವೃತ್ತರಾದವರು, ವಿಮಾನ ಕಾರ್ಖಾನೆಯ ಫಿಟ್ಟರುಗಳು, ಹಲಸೂರಿನ ಅಂಗಡಿಕಾರರು, ಶಿವಾಜಿನಗರದ ಸಣ್ಣ ವ್ಯಾಪಾರಿಗಳು, ಇಂಥವರ ಮನೆಗಳ ಮಕ್ಕಳು ಹೊರಡುತ್ತಿದ್ದಾರೆ. ಅವರು ಅರಸುವ ಪದವಿಗಳೂ ಬೇರೆ ಬಗೆಯವು. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಮತ್ತು ಶ್ರವಣ ವಿಜ್ಞಾನ, ಕ್ಷಕಿರಣ ಚಿತ್ರಣ, ಪ್ರಯೋಗಾಲಯ ತಂತ್ರಜ್ಞಾನ, ಆಹಾರಶಾಸ್ತ್ರ, ಡಯಾಲಿಸಿಸ್ ಮೊದಲಾದ ಇವು ವೈದ್ಯನೂ ದಾದಿಯೂ ಮಾಡದ, ಆದರೆ ಇವರಿಬ್ಬರ ಕೆಲಸವು ಯಾವುದಿಲ್ಲದೆ ನಿಂತುಹೋಗುವುದೋ ಅಂಥ ಕೆಲಸಗಳು. ಪಾರ್ಶ್ವವಾಯು ಬಡಿದವನ ಪ್ರಾಣವನ್ನು ವೈದ್ಯನು ಉಳಿಸುತ್ತಾನೆ. ಅವನು ಮತ್ತೆ ಎದ್ದು ಬಚ್ಚಲಿಗೆ ನಡೆಯುವಂತೆ, ಹೆಂಡತಿಯನ್ನು ಹೆಸರಿಟ್ಟು ಕರೆಯುವಂತೆ ಮಾಡುವವರು ಇವರು.

ಇಷ್ಟೊಂದು ಹಿರಿದಾದ ಕೆಲಸಕ್ಕೆ ಕನ್ನಡದಲ್ಲಿ ಸಂದ ಹೆಸರು ಯಾವುದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಪತ್ರಿಕೆಗಳೂ ಸರ್ಕಾರಿ ಕಡತಗಳೂ ಇದನ್ನು ‘ಅರೆವೈದ್ಯಕೀಯ’ವೆಂದು ಕರೆದುವು, ಆ ಹೆಸರೇ ನಿಂತಿತು. ಇಂಗ್ಲಿಷಿನ ‘ಪ್ಯಾರಾಮೆಡಿಕಲ್’ ಎಂಬುದರ ಮೊದಲ ಪದವು ಗ್ರೀಕ್ ಮೂಲದ್ದು. ಮಗ್ಗುಲಲ್ಲಿ, ಜೊತೆಯಲ್ಲಿ ಎಂಬುದು ಅದರ ಅರ್ಥ. ಕನ್ನಡದ ‘ಅರೆ’ಯಾದರೋ ಅರ್ಧವನ್ನು ಹೇಳುತ್ತದೆ, ಹೇಳುವಾಗ ಕೊರತೆಯನ್ನೂ ಧ್ವನಿಸುತ್ತದೆ. ಅರೆಹೊಟ್ಟೆ, ಅರೆಮನಸ್ಸು, ಅರೆಬೆಂದ ಅನ್ನ, ಅರೆಬರೆ ಕೆಲಸ, ಇವುಗಳ ಸಾಲಿನಲ್ಲಿ ಅರೆವೈದ್ಯಕೀಯವನ್ನು ನಿಲ್ಲಿಸಿದವರು ದುರುದ್ದೇಶದಿಂದ ನಿಲ್ಲಿಸಲಿಲ್ಲ, ಅವಸರದಿಂದ ನಿಲ್ಲಿಸಿದರು. ಆದರೆ ಭಾಷೆಯಲ್ಲಿ ಅವಸರದ ಫಲವನ್ನು ಬಹುಕಾಲ ಉಣ್ಣಬೇಕಾಗುತ್ತದೆ. ಸಹಪಾಠಿ, ಸಹಧರ್ಮಿಣಿ ಎಂಬ ಪದಗಳಲ್ಲಿರುವಂತೆ ‘ಸಹ’ವನ್ನು ಸೇರಿಸಿ ಸಹವೈದ್ಯಕೀಯವೆನ್ನುವುದು ಮೂಲದ ಅರ್ಥಕ್ಕೆ ಹೆಚ್ಚು ಸಮೀಪ, ಮರ್ಯಾದೆಗೂ ಹೆಚ್ಚು ಸಮೀಪ. ಶಾಲೆಯ ಉಪಾಧ್ಯಾಯರು ತಮ್ಮ ಮಾತಿನಲ್ಲಿಯಾದರೂ ಇದನ್ನು ಬಳಸಿದರೆ ಖರ್ಚಿಲ್ಲದೆ ಒಂದು ಉಪಕಾರವಾಗುತ್ತದೆ.

ಹೆಸರಿನ ಈ ಚರ್ಚೆಯು ಪಂಡಿತರ ವಿನೋದವೆಂದು ಯಾರಾದರೂ ಭಾವಿಸಿದರೆ ಅಂಥವರು ಫಲಿತಾಂಶದ ತಿಂಗಳಲ್ಲಿ ಒಂದು ಮನೆಯ ಜಗಲಿಯಲ್ಲಿ ಕುಳಿತು ನೋಡಬೇಕು. ಮಗಳಿಗೆ ಎಂ.ಬಿ.ಬಿ.ಎಸ್. ಸ್ಥಾನ ದೊರೆಯಲಿಲ್ಲ. ಫಿಸಿಯೋಥೆರಪಿ ದೊರೆಯುತ್ತದೆ, ಅದೂ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ. ಆದರೆ ಬಂಧುಗಳು ಕೇಳಿದಾಗ ‘ಡಾಕ್ಟರ್ ಆಗಲಿಲ್ಲವೇ?’ ಎಂಬ ಪ್ರಶ್ನೆಗೆ ತಂದೆಯು ತಲೆ ತಗ್ಗಿಸಬೇಕು. ಅದೇ ಪದವಿಯನ್ನು ಲಂಡನ್ನಿನಲ್ಲಿಯೋ ಮೆಲ್ಬರ್ನ್‌ನಲ್ಲಿಯೋ ಓದುತ್ತಾಳೆಂದರೆ ಆ ಪ್ರಶ್ನೆ ಏಳುವುದೇ ಇಲ್ಲ; ಊರಿನ ಹೆಸರು ವಿದ್ಯೆಯ ಹೆಸರನ್ನು ಮರೆಸುತ್ತದೆ. ವಿದೇಶ ವ್ಯಾಸಂಗಕ್ಕೆ ಹೊರಡುವ ಕುಟುಂಬಗಳಲ್ಲಿ ಹಲವು ವಿದ್ಯೆಗಾಗಿ ಹೊರಡುವುದಿಲ್ಲ, ಈ ‘ಅರೆ’ಯಿಂದ ತಪ್ಪಿಸಿಕೊಳ್ಳಲು ಹೊರಡುತ್ತವೆ. ಕಾರಣವನ್ನು ತಪ್ಪಾಗಿ ತಿಳಿದು ಮಾಡಿದ ವೆಚ್ಚವು ಎಷ್ಟಾದರೂ ಸಾಲದು.

ಅತ್ತಣ ನಾಡುಗಳಲ್ಲಿ ಈ ವೃತ್ತಿಗಳಿಗೆ ಮರ್ಯಾದೆಯುಂಟೆಂಬುದು ಸುಳ್ಳಲ್ಲ. ಬ್ರಿಟನ್ನಿನಲ್ಲಿ ಫಿಸಿಯೋಥೆರಪಿಸ್ಟ್, ಆಹಾರತಜ್ಞ, ರೇಡಿಯೋಗ್ರಾಫರ್ ಮೊದಲಾದ 15 ವೃತ್ತಿಗಳಿಗೆ ಆರೋಗ್ಯ ಮತ್ತು ಪಾಲನಾ ವೃತ್ತಿಗಳ ಪರಿಷತ್ತೆಂಬ ಒಂದು ಶಾಸನಬದ್ಧ ಮಂಡಳಿಯಿದೆ. ಅದರ ದಾಖಲೆಯಲ್ಲಿ ಹೆಸರಿಲ್ಲದವನು ತನ್ನನ್ನು ಫಿಸಿಯೋಥೆರಪಿಸ್ಟನೆಂದು ಕರೆದುಕೊಳ್ಳುವುದೇ ಅಪರಾಧ. 2013ರಿಂದ ಈಚೆಗೆ, ಹೆಚ್ಚಿನ ತರಬೇತಿಯನ್ನು ಪಡೆದ ಫಿಸಿಯೋಥೆರಪಿಸ್ಟರು ಅಲ್ಲಿ ಸ್ವತಂತ್ರವಾಗಿ ಔಷಧವನ್ನು ಬರೆದುಕೊಡುವ ಅಧಿಕಾರವನ್ನೂ ಹೊಂದಿದ್ದಾರೆ. ಇಲ್ಲಿ ವೈದ್ಯನ ಚೀಟಿಗಾಗಿ ಕಾಯುತ್ತ ನಿಂತ ತರುಣನಿಗೆ ಇದು ಸ್ವರ್ಗದಂತೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಆ ಸ್ವರ್ಗಕ್ಕೆ ಎರಡು ಬಾಗಿಲುಗಳು. ಪದವಿಯು ಮೊದಲನೆಯದು, ವೃತ್ತಿಯ ನೋಂದಣಿ ಎರಡನೆಯದು. ಮೊದಲನೆಯದನ್ನು ದಾಟಿದವರಿಗೆಲ್ಲ ಎರಡನೆಯದು ತೆರೆಯುವುದಿಲ್ಲ. ಪ್ರಚಾರಪತ್ರಗಳು ಮೊದಲ ಬಾಗಿಲಿನ ಚಿತ್ರವನ್ನು ಮಾತ್ರ ಅಚ್ಚು ಹಾಕುತ್ತವೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆಗಳ ಎಂ.ಎಸ್ಸಿ. ಎಂಬುದು ಎರಡು ಬಗೆಯಾಗಿ ಇದೆ. ಒಂದು ನೋಂದಣಿಗೆ ಅರ್ಹತೆಯನ್ನು ತಂದುಕೊಡುವ ವ್ಯಾಸಂಗ; ಅದರಲ್ಲಿ ಆಸ್ಪತ್ರೆಯ ಪ್ರಾಯೋಗಿಕ ಶಿಕ್ಷಣವು ಅಡಕವಾಗಿರುತ್ತದೆ. ಇನ್ನೊಂದು ಈಗಾಗಲೇ ವೃತ್ತಿಯಲ್ಲಿರುವವರು ಜ್ಞಾನವನ್ನು ಹೆಚ್ಚಿಸಿಕೊಳ್ಳಲು ಮಾಡುವ ವ್ಯಾಸಂಗ; ಇದನ್ನು ಮುಗಿಸಿದವನು ಪಂಡಿತನಾಗಬಹುದು, ಅಷ್ಟರಿಂದಲೇ ರೋಗಿಯನ್ನು ಮುಟ್ಟುವ ಹಕ್ಕನ್ನು ಪಡೆಯಲಾರ. ಅವನು ತನ್ನ ಭಾರತದ ಪದವಿಯನ್ನು ಮುಂದಿಟ್ಟು ಪರಿಷತ್ತಿಗೆ ಬೇರೆಯಾಗಿ ಅರ್ಜಿ ಹಾಕಿಕೊಳ್ಳಬೇಕು. ಎರಡಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ, ಶುಲ್ಕವೂ ಭಾರವೇ. ಹೆಸರು ಒಂದಾಗಿ ಅರ್ಥ ಬೇರೆಯಾದ ಪದಗಳು ನಿಘಂಟಿನಲ್ಲಿದ್ದರೆ ವಿದ್ಯಾರ್ಥಿಯು ಒಂದು ಅಂಕವನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ಮನೆಯನ್ನೇ ಕಳೆದುಕೊಳ್ಳಬೇಕಾದೀತು.

ಅಮೆರಿಕದ ರೀತಿಯು ಮತ್ತೊಂದು. ಅಲ್ಲಿ ಫಿಸಿಯೋಥೆರಪಿಯ ಪ್ರವೇಶಮಟ್ಟದ ಪದವಿಯೇ ಡಾಕ್ಟರೇಟ್ ಆಗಿದೆ. ಅನುಮತಿಯನ್ನು ಕೊಡುವುದು ಆಯಾ ರಾಜ್ಯ. ಹೊರನಾಡಿನಲ್ಲಿ ಓದಿದವನ ಪದವಿಯನ್ನು ಒಂದೊಂದು ವಿಷಯವಾಗಿ ತೂಗಿ ನೋಡಿ, ಕೊರತೆಯನ್ನು ತುಂಬಿಸಿಕೊಂಡು, ರಾಷ್ಟ್ರೀಯ ಪರೀಕ್ಷೆಯನ್ನು ಬರೆಯಿಸಿದ ಮೇಲೆಯೇ ಅದು ದೊರೆಯುತ್ತದೆ. ಆಸ್ಟ್ರೇಲಿಯದಲ್ಲಿ 2010ರಿಂದ ರಾಷ್ಟ್ರಕ್ಕೆಲ್ಲ ಒಂದೇ ನೋಂದಣಿ. ಜರ್ಮನಿಯಲ್ಲಿ ಫಿಸಿಯೋಥೆರಪಿಯು ಪರಂಪರೆಯಿಂದ ವಿಶ್ವವಿದ್ಯಾಲಯದ ವಿಷಯವಲ್ಲ. ಮೂರು ವರ್ಷಗಳ ವೃತ್ತಿಶಾಲೆಯ ಕಲಿಕೆ. ಪದವಿಯೇ ಪರಮವೆಂದು ನಂಬಿದ ಭಾರತೀಯ ತಂದೆಗೆ ಇದು ಬೆರಗಿನ ಸಂಗತಿ: ಪದವಿಯಿಲ್ಲದ ಜರ್ಮನ್ ಫಿಸಿಯೋಥೆರಪಿಸ್ಟನ ಕೈಗೆ ಅಲ್ಲಿನ ಜನ ನಿಶ್ಚಿಂತೆಯಿಂದ ಬೆನ್ನನ್ನು ಒಪ್ಪಿಸುತ್ತಾರೆ.

ಇನ್ನು ಹಣದ ಮಾತು. ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆಯನ್ನು ಕೇಳುತ್ತವೆ. ಪೂರ್ವ ಬೆಂಗಳೂರಿನ ಮಧ್ಯಮ ವರ್ಗದ ಕುಟುಂಬಕ್ಕೆ ಆಸ್ತಿಯೆಂದರೆ ಬಹುಮಟ್ಟಿಗೆ ಒಂದೇ: ಕಾರ್ಖಾನೆಯ ದಿನಗಳಲ್ಲಿ ಕಂತು ಕಟ್ಟಿ ಕೃಷ್ಣರಾಜಪುರದ ಕಡೆ ಕೊಂಡ ನಿವೇಶನ, ಅದರ ಮೇಲಿನ ಮನೆ. ಓದು ಮುಗಿದ ಮೇಲೆ ಅಲ್ಲಿಯೇ ದುಡಿದು ಸಾಲವನ್ನು ತೀರಿಸುವೆನೆಂಬ ಲೆಕ್ಕದ ಮೇಲೆ ಆ ಕಾಗದಪತ್ರಗಳು ಬ್ಯಾಂಕಿನ ಕಪಾಟನ್ನು ಸೇರುತ್ತವೆ. ಆದರೆ ಆ ಲೆಕ್ಕದ ಅಂಕಿಗಳನ್ನು ಬರೆಯುವವರು ಬೇರೆ ದೇಶದ ಮಂತ್ರಿಗಳು. ಬ್ರಿಟನ್ ಸರ್ಕಾರವು 2021ರಲ್ಲಿ ಪದವೀಧರರಿಗೆ ಎರಡು ವರ್ಷ ನಿಂತು ದುಡಿಯುವ ಅವಕಾಶವನ್ನು ಕೊಟ್ಟಿತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಲು ನಿರ್ಧರಿಸಿತು. ಎರಡು ವರ್ಷವನ್ನು ನಂಬಿ ಸಾಲ ಮಾಡಿದವನ ಬಡ್ಡಿಯು ಹದಿನೆಂಟು ತಿಂಗಳಿಗೆ ಇಳಿಯುವುದಿಲ್ಲ.

ಇವೆಲ್ಲವೂ ವ್ಯವಹಾರದ ತೊಡಕುಗಳು, ಎಚ್ಚರದಿಂದ ದಾಟಬಹುದಾದವು. ಇದಕ್ಕಿಂತ ಆಳವಾದ, ಪ್ರಚಾರಪತ್ರಗಳು ಎಂದೂ ಹೇಳದ ಒಂದು ಸಂಗತಿಯಿದೆ. ಸಹವೈದ್ಯಕೀಯ ವಿದ್ಯೆಗಳಲ್ಲಿ ಅನೇಕವು ದೇಹದಷ್ಟೇ ದೇಶವನ್ನೂ ಆಶ್ರಯಿಸಿದವು. ಹೃದಯದ ಕವಾಟವು ಲಂಡನ್ನಿನಲ್ಲಿಯೂ ಹಲಸೂರಿನಲ್ಲಿಯೂ ಒಂದೇ. ಮಂಡಿಯ ಮಾತು ಹಾಗಲ್ಲ. ಕುರ್ಚಿಯಲ್ಲಿ ಕುಳಿತು ಬಾಳುವ ಜನರ ಮಂಡಿಗೆ ಎಷ್ಟು ಮಡಿಕೆ ಬೇಕೋ ಅಷ್ಟು ಬಂದರೆ ಅಲ್ಲಿಯ ಚಿಕಿತ್ಸಕನ ಕೆಲಸ ಮುಗಿಯಿತು. ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಣ್ಣುವ, ಕುಕ್ಕರುಗಾಲಿನಲ್ಲಿ ಕುಳಿತು ಸೊಪ್ಪು ಮಾರುವ ಹೆಂಗಸಿಗೆ ಅಷ್ಟು ಸಾಲದು. ಕೃತಕ ಕಾಲಿನ ಇತಿಹಾಸವೇ ಇದಕ್ಕೆ ಸಾಕ್ಷಿ. ಎಡಿನ್‌ಬರೋದ ಎಫ್.ಆರ್.ಸಿ.ಎಸ್. ಪಡೆದ ಪಿ.ಕೆ. ಸೇಠಿಯವರು ಜಯಪುರದ ಆಸ್ಪತ್ರೆಯಲ್ಲಿ ಪಾಶ್ಚಾತ್ಯ ಮಾದರಿಯ ಕಾಲನ್ನು ಜೋಡಿಸಿದರೆ ರೋಗಿಗಳು ಅದನ್ನು ತೊಟ್ಟು ನೆಲದಲ್ಲಿ ಕೂರಲಾರರು, ಬರಿಗಾಲಿನಲ್ಲಿ ಹೊಲದ ಕೆಸರಿಗೆ ಇಳಿಯಲಾರರು. ಶಾಲೆಯ ಓದು ಹೆಚ್ಚಾಗಿಲ್ಲದ ಕುಶಲಕರ್ಮಿ ರಾಮಚಂದ್ರ ಶರ್ಮರ ಕೈಚಳಕವು ಅವರ ಶಾಸ್ತ್ರಜ್ಞಾನದೊಡನೆ ಕೂಡಿದಾಗ, 1968ರ ಸುಮಾರಿಗೆ, ಜಯಪುರದ ಕಾಲು ಸಿದ್ಧವಾಯಿತು. ವಿದೇಶದ ವಿದ್ಯೆ ಅಲ್ಲಿ ವ್ಯರ್ಥವಾಗಲಿಲ್ಲ. ಆದರೆ ಫಲ ಕೊಟ್ಟುದು ಇಲ್ಲಿನ ನೆಲವನ್ನು ಬಲ್ಲವನ ಕೈ ಸೇರಿದ ಮೇಲೆ.

ವಾಕ್ ಚಿಕಿತ್ಸೆಯಲ್ಲಂತೂ ಈ ಸತ್ಯವು ಕಣ್ಣಿಗೆ ಹೊಡೆಯುವಂತಿದೆ. ‘ಹುಳಿ’ ಎನ್ನಬೇಕಾದ ಕಡೆ ‘ಹುಲಿ’ ಎನ್ನುವ, ‘ಹಳ್ಳಿ’ಯನ್ನು ‘ಹಲ್ಲಿ’ ಮಾಡುವ ಮಗುವನ್ನು ತಾಯಿಯು ಚಿಕಿತ್ಸಕಿಯ ಬಳಿಗೆ ಕರೆತಂದಳೆನ್ನೋಣ. ಇದು ವಯೋಸಹಜವಾದ ತೊದಲೇ, ದೋಷವೇ? ಕನ್ನಡದ ಮಗುವು ಎಷ್ಟನೆಯ ವಯಸ್ಸಿಗೆ ಳಕಾರವನ್ನು ಸಾಧಿಸುತ್ತದೆಂಬುದನ್ನು ತಿಳಿದವಳು ಮಾತ್ರ ಉತ್ತರಿಸಬಲ್ಲಳು. ಇಂಗ್ಲಿಷಿನಲ್ಲಿ ಳಕಾರವಿಲ್ಲ, ಣಕಾರವಿಲ್ಲ. ‘ಹತಿ’ ಮತ್ತು ‘ಹತ್ತಿ’ ಎಂಬಂಥ ಒತ್ತಕ್ಷರದ ಭೇದವೂ ಇಲ್ಲ. ಅಲ್ಲಿನ ಗ್ರಂಥದಲ್ಲಿ ಈ ಉತ್ತರವು ಎಲ್ಲಿಂದ ಬರಬೇಕು? ಅದು ಮೈಸೂರಿನಿಂದ ಬಂದಿತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ವಾಂಸರು 1972ರಲ್ಲಿಯೇ ಕನ್ನಡದ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದರು. ಕೇಶಿರಾಜನು ವ್ಯಾಕರಣಕ್ಕಾಗಿ ಕನ್ನಡದ ಅಕ್ಷರಗಳನ್ನು ಎಣಿಸಿದನು; ಇವರು ತೊದಲುವ ಮಕ್ಕಳಿಗಾಗಿ ಎಣಿಸಿದರು.

ಆ ಸಂಸ್ಥೆಯ ಕಥೆಯನ್ನು ವಿದೇಶಯಾನದ ಹಿನ್ನೆಲೆಯಲ್ಲಿ ನೆನೆಯುವುದು ಉಚಿತ. 1960ರ ದಶಕದ ಮಧ್ಯಭಾಗದಲ್ಲಿ ಅದು ಹುಟ್ಟುವಾಗ ಕರ್ನಾಟಕದಲ್ಲಿ ಆ ವಿದ್ಯೆಗೆ ಗುರುಪೀಠವೇ ಇರಲಿಲ್ಲ. ಅಮೆರಿಕದಿಂದ ಮಾರ್ಟಿನ್ ಪಾಮರ್ ಎಂಬ ತಜ್ಞರನ್ನು ಕರೆತರಬೇಕಾಯಿತು. ಹೊರಗಿನಿಂದ ಬಂದ ಆ ಶಾಸ್ತ್ರವು ಮೈಸೂರಿನ ಮಾನಸಗಂಗೋತ್ರಿಯ ಮಣ್ಣಿನಲ್ಲಿ ಬೇರೂರಿತು. ಮುಂದೆ ಅದರ ನಿರ್ದೇಶಕರಾದ ನ. ರತ್ನ ಅವರು ‘ಎಲ್ಲಿಗೆ’ ಎಂಬ ಕನ್ನಡ ನಾಟಕದ ಕರ್ತೃವೆಂದು ರಂಗಭೂಮಿಗೂ ಪರಿಚಿತರು. ಮಾತಿನ ವೈದ್ಯರು ಮಾತಿನ ಕಲೆಯಲ್ಲಿಯೂ ನಿಷ್ಣಾತರಾಗಿದ್ದುದು ಕಾಕತಾಳೀಯವಿರಲಾರದು. ಅಲ್ಲಿ ಓದಿದ ಬಹುಮಂದಿ ಇಂದು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರು ಮೊದಲ ಪದವಿಗಾಗಿ ಮನೆಯನ್ನು ಒತ್ತೆಯಿಟ್ಟು ಹೋದವರಲ್ಲ. ಇಲ್ಲಿ ಕಲಿತ ವಿದ್ಯೆಯನ್ನು ಕೈಯಲ್ಲಿ ಹಿಡಿದು ಹೋದವರು. ಎರಡು ಬಗೆಯ ಪ್ರಯಾಣಗಳಿಗೆ ಇರುವ ಅಂತರವಿದು.

ಪೂರ್ವ ಬೆಂಗಳೂರಿನ ವಿದ್ಯಾರ್ಥಿಗೆ ಮೈಸೂರಿನವರೆಗೂ ಹೋಗಬೇಕಾದ ಅಗತ್ಯವಿಲ್ಲ. ಲಿಂಗರಾಜಪುರದಲ್ಲಿ ಚಂದ್ರಶೇಖರ ವಾಕ್ ಶ್ರವಣ ಸಂಸ್ಥೆಯಿದೆ. ಅದೇ ಬಡಾವಣೆಯಲ್ಲಿ, ಸ್ವತಃ ಪೋಲಿಯೋದಿಂದ ನೊಂದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆಯಿದೆ. ಗಾಲಿಕುರ್ಚಿಯ ಮೇಲಿನ ಬಾಳೆಂದರೇನೆಂಬುದನ್ನು ಯಾವ ವಿಶ್ವವಿದ್ಯಾಲಯಕ್ಕಿಂತಲೂ ಚೆನ್ನಾಗಿ ಅದು ಕಲಿಸಬಲ್ಲುದು. ಬೌರಿಂಗ್ ಆಸ್ಪತ್ರೆಯಂಥ ಕಡೆ ಒಂದು ಬೆಳಗಿನಲ್ಲಿ ತಮಿಳು, ದಖನಿ, ತೆಲುಗು, ಕನ್ನಡ ನಾಲ್ಕರಲ್ಲಿಯೂ ನೋವನ್ನು ಕೇಳಬೇಕಾಗುತ್ತದೆ. ಇಂಥ ಅಭ್ಯಾಸವು ಯುರೋಪಿನ ಯಾವ ನಗರಕ್ಕೆ ಹೋದರೂ ಕೈಬಿಡದು. ಹಳೆ ಮದರಾಸು ರಸ್ತೆಯ ಉದ್ದಕ್ಕೂ, ಕೃಷ್ಣರಾಜಪುರದಿಂದ ಆಚೆಗೆ, ಈ ವಿದ್ಯೆಗಳ ಕಾಲೇಜುಗಳು ಸಾಲುಗಟ್ಟಿವೆ. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಮಕ್ಕಳು ಬಂದು ಅಲ್ಲಿ ಓದುತ್ತಾರೆ. ಅವರಿಗೆ ಕೃಷ್ಣರಾಜಪುರವೇ ಪರದೇಶ. ಅಲ್ಲಿಯೇ ಹುಟ್ಟಿದ ಹುಡುಗನಿಗೆ ಮಾತ್ರ ಅದು ಕಣ್ಣಿಗೆ ಬೀಳುವುದಿಲ್ಲ.

ಆ ಕಾಲೇಜುಗಳೆಲ್ಲ ಒಂದೇ ಮಟ್ಟದವಲ್ಲವೆಂಬುದನ್ನು ಮರೆಮಾಚಬಾರದು. ರೋಗಿಗಳೇ ಇಲ್ಲದ ಕಡೆ ಚಿಕಿತ್ಸೆಯನ್ನು ಕಲಿಸುವುದು ಈಜುಕೊಳವಿಲ್ಲದೆ ಈಜನ್ನು ಕಲಿಸಿದಂತೆ. ಸರ್ಕಾರವೂ ತಡಮಾಡಿತು. ದಾದಿಯರಿಗೆ 1947ರಲ್ಲಿಯೇ ಕೇಂದ್ರ ಶಾಸನವಾಯಿತು. ಸಹವೈದ್ಯಕೀಯ ವೃತ್ತಿಗಳಿಗೆ ಸಮಗ್ರವಾದ ಶಾಸನವು ಆದುದು 2021ರಲ್ಲಿ. ಆ ಕಾಯಿದೆಯು ಐವತ್ತಕ್ಕೂ ಮೀರಿದ ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಹೆಸರಿಸಿ, ಸಹವೈದ್ಯಕೀಯ ವೃತ್ತಿಗೆ ಕನಿಷ್ಠ 2,000 ಗಂಟೆಗಳ, ಆರೋಗ್ಯಪಾಲನಾ ವೃತ್ತಿಗೆ 3,600 ಗಂಟೆಗಳ ಕಲಿಕೆಯನ್ನು ವಿಧಿಸಿತು. ರಾಜ್ಯಗಳು ಪರಿಷತ್ತುಗಳನ್ನು ರಚಿಸುವುದಕ್ಕೆ ಮೀನಮೇಷವೆಣಿಸಿದುದರಿಂದ 2024ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಡುವನ್ನು ಹಾಕಬೇಕಾಯಿತು. ಇಲ್ಲಿನ ದಾಖಲೆಯು ಬ್ರಿಟನ್ನಿನ ದಾಖಲೆಯಷ್ಟು ಗಟ್ಟಿಯಾದ ದಿನ ವಿಮಾನ ನಿಲ್ದಾಣದ ಹಾದಿಯಲ್ಲಿ ಗೌರವವನ್ನರಸಿ ಹೋಗುವವರ ಸಂಖ್ಯೆಯು ತಾನಾಗಿ ಇಳಿಯುವುದು. ಜ್ಞಾನವನ್ನರಸಿ ಹೋಗುವವರು ಉಳಿಯುತ್ತಾರೆ, ಉಳಿಯಲಿ.

ಹಾಗಾದರೆ ಹೋಗುವವರನ್ನು ದೇಶಪ್ರೇಮದ ಉಪದೇಶದಿಂದ ತಡೆಯಬೇಕೇ? ಕೂಡದು. ನಾಲ್ಕು ವರ್ಷ ಓದಿದವನಿಗೆ ಮನೆಯ ಬಾಡಿಗೆಗೂ ಸಾಲದ ಸಂಬಳವನ್ನು ಕೊಡುವ ಸಮಾಜಕ್ಕೆ ಆ ಉಪದೇಶವನ್ನು ಮಾಡುವ ಅಧಿಕಾರವಿಲ್ಲ. ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಹೊರನಾಡು ಸಂಬಳಕ್ಕಿಂತ ಹೆಚ್ಚಾದುದನ್ನು ಕೊಡುತ್ತದೆಂಬುದೂ ನಿಜ. ತನ್ನ ಗಳಿಕೆಯನ್ನು ತಾನೇ ಎಣಿಸುವ ಸ್ವಾತಂತ್ರ್ಯದ ಬೆಲೆ ಅವರಿಗೇ ಗೊತ್ತು. ಹೇಳಬೇಕಾದುದು ಕ್ರಮದ ಮಾತು ಮಾತ್ರ. ಮೊದಲ ಪದವಿ ಇಲ್ಲಿಯೇ ಆಗಲಿ, ರೋಗಿಗಳ ಸಂದಣಿಯಿರುವ ಆಸ್ಪತ್ರೆಯೊಡನೆ ಸೇರಿದ ಕಾಲೇಜಿನಲ್ಲಿ. ಅನಂತರ ಎರಡು ಮೂರು ವರ್ಷಗಳ ಅನುಭವ. ಆಮೇಲೆ, ಇಲ್ಲಿ ದೊರೆಯದ ಯಾವ ವಿಶೇಷ ಜ್ಞಾನಕ್ಕಾಗಿ ಹೋಗುವೆನೆಂಬುದನ್ನು ಒಂದು ವಾಕ್ಯದಲ್ಲಿ ಹೇಳಬಲ್ಲವನು ಹೋಗಲಿ. ಅಂಥವನ ಸಾಲವೂ ಚಿಕ್ಕದು, ಸೋತು ಮರಳಿದರೂ ಕೈಯಲ್ಲಿ ವೃತ್ತಿಯಿರುತ್ತದೆ. ಹದಿನೆಂಟರ ಹುಡುಗನು ಬರಿಗೈಯಲ್ಲಿ ಮರಳುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಉಪಾಧ್ಯಾಯರ ಪಾಲಿನ ಕೆಲಸವು ಒಂಬತ್ತನೆಯ, ಹತ್ತನೆಯ ತರಗತಿಗಳಲ್ಲಿಯೇ ಇದೆ. ವೈದ್ಯನಾಗದವನು ಸೋತವನಲ್ಲವೆಂಬುದನ್ನು ಮಾತಿನಲ್ಲಿ ಹೇಳಿದರೆ ಸಾಲದು; ಒಬ್ಬ ವಾಕ್ ಚಿಕಿತ್ಸಕಿಯನ್ನೋ ಪ್ರಯೋಗಾಲಯದ ತಂತ್ರಜ್ಞನನ್ನೋ ಶಾಲೆಯ ಸಮಾರಂಭಕ್ಕೆ ಅತಿಥಿಯಾಗಿ ಕರೆದು ವೇದಿಕೆಯ ನಡುವಣ ಕುರ್ಚಿಯಲ್ಲಿ ಕುಳ್ಳಿರಿಸಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬೋಧಿಸುವ ವಿದ್ಯಾಲಯವು ಅತಿಥಿಗಳ ಪಟ್ಟಿಯಲ್ಲಿ ಮೇಲುಕೀಳನ್ನು ಎಣಿಸಬಾರದು. ಕನ್ನಡವನ್ನು ಚೆನ್ನಾಗಿ ಕಲಿಸುವುದೂ ಈ ಸಿದ್ಧತೆಯ ಭಾಗವೇ. ತನ್ನ ಭಾಷೆಯ ವ್ಯಾಕರಣವನ್ನು ಅರಿತವನಿಗೆ ಜರ್ಮನ್ ವಿಭಕ್ತಿಗಳು ಹೆದರಿಕೆಯನ್ನು ಹುಟ್ಟಿಸುವುದಿಲ್ಲ.

ದಾನಿಗಳಿಗೂ ಒಂದು ಸೂಚನೆ. ವಿದ್ಯಾದಾಸೋಹದ ನಿಧಿಯಿಂದ ವಿದೇಶಕ್ಕೆ ಹೊರಟವನಿಗೆ ವಿಮಾನದ ಟಿಕೆಟ್ಟನ್ನು ಕೊಡಿಸಿ ಹಾರ ಹಾಕಿ ಬೀಳ್ಕೊಡುವ ಪದ್ಧತಿಯು ಹಲವೆಡೆ ಇದೆ; ಛಾಯಾಚಿತ್ರಕ್ಕೆ ಅದು ಚೆನ್ನ. ಆದರೆ ಇದೇ ಹಣವು ಇಲ್ಲಿ ಇಬ್ಬರ ಒಂದು ವರ್ಷದ ಊಟ ವಸತಿಗೆ ಆದೀತು. ಹೊರಡಲೇಬೇಕಾದವನಿಗೆ ಕೊಡುವುದಾದರೆ, ಯಾರೂ ಕೊಡದ ವೆಚ್ಚಗಳಿಗೆ ಕೊಡುವುದು ಲೇಸು: ಭಾಷಾಪರೀಕ್ಷೆಯ ಶುಲ್ಕ, ಪದವಿಯ ಮೌಲ್ಯಮಾಪನದ ಶುಲ್ಕ, ಆಯಾ ದೇಶದ ಪರಿಷತ್ತಿನ ನೋಂದಣಿ ಶುಲ್ಕ. ಅರ್ಜಿದಾರನು ಆ ಪರಿಷತ್ತಿನ ಪಟ್ಟಿಯಲ್ಲಿ ತನ್ನ ವ್ಯಾಸಂಗದ ಹೆಸರಿರುವ ಪುಟವನ್ನು ತಂದು ತೋರಿಸಿದ ಮೇಲೆಯೇ ಹಣವನ್ನು ಮಂಜೂರು ಮಾಡುವ ನಿಯಮವೊಂದಿದ್ದರೆ, ಕೃಷ್ಣರಾಜಪುರದ ಎಷ್ಟೋ ಮನೆಗಳ ಕಾಗದಪತ್ರಗಳು ಬ್ಯಾಂಕಿಗೆ ಹೋಗುವ ಮುನ್ನವೇ ಮನೆಗೆ ಮರಳುತ್ತವೆ.